ಗೊಂಬೆಗೆ ಹೊಡೆಯಬಾರದು

ಕೇಳಿರಪ್ಪೋ ಕೇಳಿ ಅಂತ ಹೊಸಗೋಟೆಯ ಬೀದಿಬೀದಿಯಲ್ಲೂ ಡಂಗುರ ಹೊಡೆದರು. ದೊರೆ ಬೊಮ್ಮರಾಯರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಅರ್ಧ ಸೀಮೆ. ಒಂದು ತಪ್ಪಿದರೂ ಸೆರೆ, ಬರುವ ಅಮಾವಾಸ್ಯೆಗೆ ಬಾಗಿಲ ಕಾವಲಿನ ಕೆಂಚಣ್ಣನ ಜೊತೆಗೇ ಗಲ್ಲು.

ಕೆಂಚಣ್ಣ ಮಾಡಿದ್ದೇನು ಅಂತೀರಾ? ಹೇಳಿದಷ್ಟು ಮಾಡಿದ್ದ, ಅಷ್ಟೆ. ಗಡಿಯಲ್ಲಿ ಗಲಾಟೆ ಅಂತ ದಂಡು ಕಟ್ಟಿಕೊಂಡು ಹೊರಟ ಬೊಮ್ಮರಾಯ, "ನಾನು ಬರೋತನಕ ಯಾರು ಬಂದರೂ ಕೋಟೆ ಬಾಗಿಲು ತೆಗೆಯಬೇಡ" ಅಂದಿದ್ದ. ಆ ಅರಮನೆಯಲ್ಲಿ ಅಪ್ಪಣೆಯಾದ ಮೇಲೆ ಕೋಲು ನೆಲಕ್ಕೆ ಕುಟ್ಟಿ "ಆಗಲಿ ಬುದ್ಧೀ" ಅನ್ನಬೇಕು. ಮರುಪ್ರಶ್ನೆ ಹಾಕಿದವನ ನಾಲಿಗೆ ಉಳಿಯುತ್ತಿರಲಿಲ್ಲ. ಅಜ್ಜನ ಕಾಲದ ಪದ್ಧತಿ, ಯಾರು ಬದಲಾಯಿಸುತ್ತಾರೆ? ಕೆಂಚಣ್ಣ ಕೋಲು ಕುಟ್ಟಿದ. ಹೊಳೆಯಾಚೆ ಅಜ್ಜಿಯ ಮನೆಗೆ ಹೋಗಿದ್ದ ರಾಜಕುಮಾರಿ ಹೊನ್ನಾಜಿ ತಿರುಗಿ ಬರುವಷ್ಟರಲ್ಲಿ ಪ್ರವಾಹ ಕೋಟೆಯ ಬುಡಕ್ಕೇ ಏರಿತ್ತು. ಹುಡುಗಿ ಬಾಗಿಲು ಬಡಿದಳು, ಕೂಗಿದಳು. ಒಳಗೆ ಕೆಂಚಣ್ಣ ಅಳುತ್ತಾ ಕೂತ, ಅಗುಳಿ ಮಾತ್ರ ಎಳೆಯಲಿಲ್ಲ. ನೀರು ಅವಳನ್ನು ಒಯ್ದಿತು.

ಸಿಟ್ಟಿನ ಭರದಲ್ಲಿ ಬೊಮ್ಮರಾಯ ಅವನಿಗೆ ಗಲ್ಲು ವಿಧಿಸಿದ. ಸಿಟ್ಟು ಇಳಿದ ಮೇಲೆ ಅನ್ನ ಗಂಟಲಲ್ಲಿ ಇಳಿಯದಾಯಿತು. ನನ್ನ ಮಗಳ ಸಾವು ಯಾರ ತಪ್ಪಿನಿಂದ ಅಂತ ಬಾಯಿಬಿಟ್ಟು ಕೇಳುವ ಎದೆಗಾರಿಕೆ ಆ ಶೂರನಿಗಿರಲಿಲ್ಲ ನೋಡಿ. ಅದಕ್ಕೇ ಒಗಟಿನ ಮುಸುಕು ಹಾಕಿ ಕೇಳಿದ. ಯಾರಾದರೂ ನಿಜ ಹೇಳಲಿ ಎಂಬ ಆಸೆ, ಹೇಳಿಬಿಟ್ಟಾರು ಎಂಬ ಭಯ, ಎರಡೂ ಅವನಿಗಿದ್ದವು.

ಅರ್ಧ ಸೀಮೆಯೆಂದರೆ ಬಿಟ್ಟಾರೆಯೇ? ಪಾಳೆಯಗಾರರ ಮಕ್ಕಳು ಮೀಸೆ ತಿರುವಿಕೊಂಡು ಬಂದರು. ಮೊದಲನೆಯ ಒಗಟು ಹೀಗಿತ್ತು: "ಅದೇ ಮಣ್ಣು, ಅದೇ ನೀರು, ಅದೇ ಬೆಂಕಿ. ಒಬ್ಬನಿಗೆ ಗಡಿಗೆಯಾಯಿತು, ಇನ್ನೊಬ್ಬನಿಗೆ ಬರೀ ಒಡಕು ಬೋಕಿಯಾಯಿತು. ಕೆಟ್ಟಿದ್ದೇನು?" ಹಣೆಬರಹ ಅಂದವನು ಸೆರೆಗೆ ಹೋದ. ಗುರುವಿನ ಶಾಪ ಅಂದವನು ಅವನ ಹಿಂದೆಯೇ ಹೋದ. ಹೇಗೋ ಎರಡು ದಾಟಿದವನೊಬ್ಬ ಮೂರನೆಯದಕ್ಕೆ ಬಂದು ನಿಂತ: "ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು, ಆದರೂ ಕೇಡಾಯಿತು. ತಪ್ಪು ಯಾರದು?" ಅವನು ಹಲ್ಲುಕಿರಿದು, ಮಾಡಿದ ಆಳಿನದೇ, ದೊರೆ ತಪ್ಪುವುದುಂಟೇ ಅಂದ. ಬೊಮ್ಮರಾಯನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನನ್ನೂ ಒಳಗೆ ಹಾಕಿಸಿದ.

ಅಮಾವಾಸ್ಯೆ ನಾಳೆ ಅನ್ನುವಾಗ ಕುಂಬಾರಕೇರಿಯ ಕಲ್ಲೇಶಿ ಬಂದ. ಕೆಂಚಣ್ಣ ಅವನಿಗೆ ಸೋದರಮಾವ. ಕೇರಿಯ ಚಿಳ್ಳೆಪಿಳ್ಳೆಗಳಿಗೆ ಗಡಿಗೆ ಸುಡುವ ಆವಿಗೆಯ ಪಕ್ಕದ ಅಂಗಳದಲ್ಲಿ ಪಾಠ ಹೇಳುವುದು ಅವನ ಕೆಲಸ. ಓಲೆಯಿಲ್ಲ, ಬರೆಯುವ ಕಂಟವಿಲ್ಲ, ಬರೀ ಆಟ. ಇದೂ ಒಂದು ಮಠವೇ ಅಂತ ಊರವರು ನಗುತ್ತಿದ್ದರು.

ಮೊದಲ ಒಗಟು ಕೇಳಿ, ಕೆಟ್ಟಿದ್ದು ಹಿಂದುಮುಂದು ಅಂದ ಕಲ್ಲೇಶಿ. ತನ್ನ ಪಾಠದ ಮಕ್ಕಳಲ್ಲಿ ಒಬ್ಬ ಕಲಸು, ಒಬ್ಬಳು ತಿಗರಿ ತಿರುಗಿಸು, ಒಬ್ಬ ಒಣಗಿಸು, ಒಬ್ಬಳು ಸುಡು ಆಗಿ ಸಾಲಾಗಿ ನಿಲ್ಲುತ್ತಾರಂತೆ. ಒಣಗಿಸುವ ಮೊದಲೇ ಸುಡುವವಳು ನುಗ್ಗಿದರೆ ಹಸಿ ಗಡಿಗೆ ಆವಿಗೆಯಲ್ಲೇ ಒಡೆಯಿತೆಂದು ಎಲ್ಲರೂ ದೊಪ್ಪನೆ ಕೂರುತ್ತಾರಂತೆ. ಸಭೆ ತಲೆದೂಗಿತು.

ಬೊಮ್ಮರಾಯ ಎರಡನೆಯದನ್ನು ಹಾಕಿದ. "ಕಿವಿಯಿದೆ, ಬುದ್ಧಿ ಕಟ್ಟಿಟ್ಟಿದೆ. ನಡೆ ಅಂದರೆ ನಡೆಯುತ್ತದೆ, ನಿಲ್ಲು ಅನ್ನದಿದ್ದರೆ ನಿಲ್ಲದು. ಯಾರು ಅದು?"

"ಅಪ್ಪಣೆಗೆ ಕಟ್ಟುಬಿದ್ದವನು ಬುದ್ಧೀ. ನಮ್ಮ ಅಂಗಳದಲ್ಲಿ ಅವನಿಗೆ ಗೊಂಬೆ ಅಂತೀವಿ."

ಬೋಕಿಬಿಲ್ಲೆ ಹರಡಿದ ಅಂಗಳದಲ್ಲಿ ಒಂದು ಮಗು ಗೊಂಬೆಯಾಗುತ್ತದೆ, ಉಳಿದವರು ದಾರಿ ಹೇಳಿ ಅದನ್ನು ನೀರಿನ ಕೊಡದವರೆಗೆ ಮುಟ್ಟಿಸಬೇಕು ಅಂತ ವಿವರಿಸಿದ. ಮೊನ್ನೆ ಪುಟ್ಟ ರಾಚವ್ವ ಗೊಂಬೆಯಾಗಿದ್ದಳು. ನಡೀತಾ ಇರು ಅಂದ ಮಕ್ಕಳು ಎಲ್ಲಿ ನಿಲ್ಲಬೇಕೆಂದು ಹೇಳಲು ಮರೆತರು. ಹುಡುಗಿ ಗೋಡೆಗೆ ಮೂಗು ತರಚಿಕೊಂಡರೂ ಕಾಲಾಡಿಸುತ್ತಲೇ ಇದ್ದಳು. ಸಭೆಯಲ್ಲಿ ನಗೆಯೆದ್ದಿತು. ಬೊಮ್ಮರಾಯ ನಗಲಿಲ್ಲ.

"ಹಾಗಾದರೆ ಮೂರನೆಯದು" ಅಂದ. "ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು, ಆದರೂ ಕೇಡಾಯಿತು. ತಪ್ಪು ಯಾರದು?"

ಕಲ್ಲೇಶಿ ಲೆಕ್ಕ ಹಾಕಿದ. ನಿಜ ಹೇಳಿದರೆ ತನ್ನ ತಲೆ, ಸುಳ್ಳು ಹೇಳಿದರೆ ಮಾವನದು, ತನ್ನದೂ.

"ನಮ್ಮ ಅಂಗಳದಲ್ಲಿ ಗೊಂಬೆಗೆ ಹೊಡೆಯೋ ಹಾಗಿಲ್ಲ ಬುದ್ಧೀ. ಕೊಡ ಸಿಗದಿದ್ದರೆ ಹೇಳಿದವರು ತಿರುಗಿ ಬಂದು, ಮಾತು ಎಲ್ಲಿ ತಪ್ಪಿತು ಅಂತ ಹುಡುಕಿ ತಿದ್ದಬೇಕು. ತಪ್ಪು ಹೇಳಿದವರದು."

ಬೊಮ್ಮರಾಯ ತಲೆ ತಗ್ಗಿಸಿ, ಸರಿಯಾದ ಉತ್ತರ ಅಂದ.

ಅರ್ಧ ಸೀಮೆ ತಗೋ ಅಂದರೆ ಕಲ್ಲೇಶಿ ಒಲ್ಲೆ ಅಂದ. ಮಾವನನ್ನೂ ಸೆರೆಯಲ್ಲಿದ್ದ ಉಳಿದವರನ್ನೂ ಬಿಡಿಸಿಕೊಂಡ. ಇನ್ನು ಮೇಲೆ ಯಾವ ಅಪ್ಪಣೆಯಾದರೂ ಡಂಗುರಕ್ಕೆ ಮೊದಲು ತನ್ನ ಮಕ್ಕಳ ಅಂಗಳದಲ್ಲಿ ಆಡಿ ನೋಡಬೇಕು ಅಂತ ಬೇಡಿದ. ದೊರೆ ಎರಡನ್ನೂ ಕೊಟ್ಟ, ಜೊತೆಗೆ ಅಂಗಳಕ್ಕೆ ಮಳೆಬಿಸಿಲು ತಡೆಯುವ ಮಾಡು ಕಟ್ಟಿಸಿದ.

ಮಾಡು ಎದ್ದ ಮೇಲೆ ಮೊದಲ ಅಪ್ಪಣೆ ಹೊತ್ತುಕೊಂಡು ಬೊಮ್ಮರಾಯ ತಾನೇ ಬಂದ. ಮಕ್ಕಳ ಮಧ್ಯೆ ನೆಲದ ಮೇಲೆ ಕೂತು ಹೇಳಿದ: "ನಾನು ಬರೋತನಕ ಯಾರು ಬಂದರೂ ಬಾಗಿಲು ತೆಗೆಯಬೇಡ."

ರಾಚವ್ವ ಒಂದು ಗಳಿಗೆಯೂ ಯೋಚಿಸಲಿಲ್ಲ. "ನಮ್ಮೋರೇ ಬಂದ್ರೆ, ಅಜ್ಜಾ?"

ದೊರೆ ಬಾಯಿಗೆ ಹೆಗಲ ವಲ್ಲಿ ಒತ್ತಿಕೊಂಡ. ಕಣ್ಣೀರು ನಿಲ್ಲಲಿಲ್ಲ. ಆಮೇಲೆ, ನೀನೇ ತಿದ್ದು ಮಗಳೇ ಅಂದ. ನಮ್ಮೋರು ಬಂದ್ರೆ ತೆಗಿ, ಬೇರೆಯೋರು ಬಂದ್ರೆ ತೆಗೀಬೇಡ ಅಂದಳು. ಅಷ್ಟೇ ಅಷ್ಟು. ಬೊಮ್ಮರಾಯ ಅದನ್ನು ಮೆಲ್ಲಗೆ ತಾನೂ ಹೇಳಿಕೊಂಡ.

ಕಲ್ಲೇಶಿ ಹೆಂಡತಿ ಮಕ್ಕಳೊಂದಿಗೆ ಚೆನ್ನಾಗಿ ಬಾಳಿದ. ದೊರೆಯೂ ಬಹಳ ವರ್ಷ ಬಾಳಿದ, ಚೆನ್ನಾಗಿ ಅನ್ನೋಕೆ ಮಾತ್ರ ನಾಲಿಗೆ ಬರೋದಿಲ್ಲ.