ಬಿಳಿ ಮರಳಿನ ದಾರಿ

ಮಂಜು ಮಧ್ಯಾಹ್ನದವರೆಗೂ ಮರಗಳ ನಡುವೆ ತೂಕಡಿಸುತ್ತಿದ್ದ ಒಂದು ಕಾಡಿನಲ್ಲಿ ಕೆರೆಗೆ ಒಂದೇ ದಾರಿ ಇತ್ತು. ಅಂಕುಡೊಂಕಿನ ಹಳೆಯ ದಾರಿ. ಅದರ ಬಗ್ಗೆ ಯಾರಿಗೂ ಹೇಳಿಕೊಳ್ಳುವಂಥ ಅಭಿಪ್ರಾಯವಿರಲಿಲ್ಲ. ಕಣ್ಣು ಕಾಣದ ಮುದಿ ಕಡವೆ ಕೆಂಚವ್ವ ಕೂಡ ದಿನವೂ ಒಬ್ಬಳೇ ಹೋಗಿ ನೀರು ಕುಡಿದು ಬರುತ್ತಿದ್ದಳು. ಮೊದಲು ಚಪ್ಪಟೆ ಬಂಡೆ, ಆಮೇಲೆ ಹುಣಸೆಯ ಬೇರು, ಆಮೇಲೆ ತಣ್ಣನೆಯ ಕೆಸರು. ಅವಳ ಗೊರಸುಗಳಿಗೆ ಎಲ್ಲ ಗೊತ್ತಿತ್ತು.

ದಾರಿಯನ್ನು ನೋಡಿಕೊಳ್ಳುವ ಕೆಲಸ ನರಿಯದು. ಒಂದು ದಿನ ಅದು ಬಂದವರನ್ನೆಲ್ಲ ನಿಲ್ಲಿಸಿ ಕೇಳತೊಡಗಿತು. ದಾರಿಯನ್ನು ಹೊಸದು ಮಾಡುವುದು ಇವತ್ತೋ, ನಾಳೆಯೋ? ಬೇಡ ಎನ್ನುವ ಉತ್ತರವನ್ನು ಅದು ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಗ್ಗೆ ಹಳೆಯ ದಾರಿಯ ಬಾಯಿಗೆ ಮುಳ್ಳಿನ ರಾಶಿ ಬಿದ್ದಿತ್ತು. ಪಕ್ಕದಲ್ಲಿ ಹೊಸ ದಾರಿ ಬಿಳಿ ಮರಳು ಹಾಸಿಕೊಂಡು, ಮಂಜಿನೊಳಗೆ ನಿಧಾನವಾಗಿ ಬಳುಕಿ, ನರಿಯ ಗುಹೆಯ ಮುಂದೆ ಹಾದು ಕೆರೆಯತ್ತ ತೇಲಿದಂತೆ ಕಾಣುತ್ತಿತ್ತು. ಬಹಳ ಸುಂದರವಾಗಿದೆ ಎಂದಿತು ನವಿಲು. ಸುಂದರವಾಗಿತ್ತು, ನಿಜ.

ಕೆಂಚವ್ವ ಮರಳಿನ ಮೇಲೆ ಕಾಲಿಟ್ಟಳು. ಎಲ್ಲಿ ಮೆಟ್ಟಿದರೂ ಒಂದೇ ತರ ಮೆತ್ತಗೆ. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ನಿಂತಳು. ಎರಡು ದಿನ ಅವಳಿಗೆ ನೀರು ಸಿಗಲಿಲ್ಲ.

"ಹಳೆ ದಾರಿಗೆ ಏನಾಗಿತ್ತಪ್ಪಾ?" ಎಂದು ನರಿಯನ್ನು ಕೇಳಿದಳು.

"ಹಳೆಯದಾಗಿತ್ತು ಅಜ್ಜಿ. ನಾಲ್ಕು ದಿನ ನಡೆದರೆ ಇದೂ ಅಭ್ಯಾಸವಾಗುತ್ತದೆ."

"ಅದು ಅಭ್ಯಾಸವಾಗಿಯೇ ಇತ್ತಲ್ಲ."

ನರಿ ನಕ್ಕಿತು. ಬಹಳಷ್ಟು ಪ್ರಾಣಿಗಳು ಕೇಳಿದ್ದರಿಂದಲೇ ಬದಲಿಸಿದ್ದು ಎಂದಿತು. ಯಾವ ಪ್ರಾಣಿಗಳು ಎಂದು ಹೇಳಲಿಲ್ಲ.

ಮೂರನೆಯ ದಿನ ಮೊಲದ ಎರಡು ಮರಿಗಳು ಕಾಣೆಯಾದವು. ತಾಯಿ ಮೊಲ ಮರಳಿನಲ್ಲಿ ಹುಡುಕುತ್ತ ಹೋಗಿ, ಒಂದೇ ಓಟದಲ್ಲಿ ತಿರುಗಿ ಬಂತು. ಏನು ಕಂಡಿತೆಂದು ಕೆಂಚವ್ವ ವಿಚಾರಿಸಿದಳು.

"ಮರಿಗಳ ಹೆಜ್ಜೆ ಗುಹೆಯವರೆಗೆ ಇದೆ. ಆಚೆಗಿಲ್ಲ. ಪಕ್ಕದಲ್ಲಿ ನರಿಯ ಹೆಜ್ಜೆ. ಎಲ್ಲರ ಹೆಜ್ಜೆಯ ಪಕ್ಕದಲ್ಲೂ ಅದರದ್ದಿದೆ ಅಜ್ಜಿ. ಯಾರು ಯಾವಾಗ ಯಾರ ಜೊತೆ ಹೋಗುತ್ತಾರೆ ಅಂತ ದಿನಾ ನೋಡಿಕೊಳ್ಳುತ್ತಿದೆ."

ಕೆಂಚವ್ವ ಹಳೆಯ ದಾರಿಯತ್ತ ತಿರುಗಿದಳು. ಮುಳ್ಳಿನ ರಾಶಿಗೆ ಹಣೆಯೊಡ್ಡಿ ನೂಕಿದಳು. ಹಣೆಯಿಂದ ರಕ್ತ ಇಳಿಯಿತು. ರಾಶಿ ಸರಿಯಿತು. ಚಪ್ಪಟೆ ಬಂಡೆ ಗೊರಸಿಗೆ ತಾಗಿತು. ಮಂಜಿನಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಕಣ್ಣಿದ್ದವರೆಲ್ಲ ಅವಳ ಗೊರಸಿನ ಸದ್ದು ಹಿಡಿದು ಸಾಲಾಗಿ ಹಿಂದೆ ನಡೆದರು. ಕೆರೆ ಇದ್ದಲ್ಲೇ ಇತ್ತು. ಅವಳು ಬಹಳ ಹೊತ್ತು ಕುಡಿದಳು.

ಅಂದಿನಿಂದ ಬಿಳಿ ಮರಳಿನ ಮೇಲೆ ಒಂದೇ ಬಗೆಯ ಹೆಜ್ಜೆ ಉಳಿಯಿತು. ಯಾರಾದರೂ ಬಂದರೇ ಎಂದು ನೋಡಲು ನರಿ ದಿನಕ್ಕೆ ನಾಲ್ಕು ಸಲ ಓಡಾಡುತ್ತಿತ್ತು. ಹೀಗಿರುವಾಗ ಹಸಿದ ಚಿರತೆಯೊಂದು ಆ ಕಡೆ ಬಂತು. ಅದಕ್ಕೆ ಹುಡುಕುವ ಕಷ್ಟವೇ ಇರಲಿಲ್ಲ. ಹೆಜ್ಜೆಗಳನ್ನು ಹಿಡಿದು ನೇರವಾಗಿ ಗುಹೆಯೊಳಗೆ ಹೋಯಿತು. ಹೊರಗೆ ಬಂದದ್ದು ಚಿರತೆಯೊಂದೇ.

ಮಳೆಗಾಲದಲ್ಲಿ ಆ ದಾರಿಯ ತುಂಬ ಎಳೆಯ ಹುಲ್ಲು ಹುಟ್ಟಿತು. ಮೊಲ ಅದನ್ನು ಮೂಸಿಯೂ ನೋಡಲಿಲ್ಲ.

ನೀತಿ: ಸರಿಯಾಗಿಯೇ ಇದ್ದದ್ದನ್ನು ಯಾರಾದರೂ ನಿಮ್ಮ ಒಳ್ಳೆಯದಕ್ಕೆಂದು ಬದಲಿಸಿಕೊಟ್ಟರೆ, ಅದರಿಂದ ಅವರಿಗೇನು ಸಿಗುತ್ತದೆ ಎಂದು ಮೊದಲು ನೋಡಿ.