ಏಸ್ಕಿಲ್ ಮಲಗಿದ ದೋಣಿ

ಸಿನಿಮಾಕ್ಕೆ ಇನ್ನೂ ಬಣ್ಣ ಬಂದಿರದ ಕಾಲದಲ್ಲಿ ಇದು ನಡೆಯಿತು. ದೂರದ ಡೆನ್ಮಾರ್ಕ್ ದೇಶದ ಪಡುವಣ ಕಡಲಂಚಿನಲ್ಲಿ ಒಂದೂರು. ಮರಳುದಿಬ್ಬ, ಗಾಳಿ, ಮೀನುಗಾರರ ಇಪ್ಪತ್ತು ಮನೆ. ಅಷ್ಟೇ ಊರು.

ಅಲ್ಲಿಗೆ ಏಸ್ಕಿಲ್ ಎಂಬ ಎಳೆಯ ನಿರ್ದೇಶಕ ಬಂದನಂತೆ. ಅದು ಅವನ ಮೊದಲ ಸಿನಿಮಾ. ಕೊನೆಯ ದೃಶ್ಯವೊಂದು ಉಳಿದಿತ್ತು: ಆಳಿಲ್ಲದ ದೋಣಿಯೊಂದು ತೇಲಿಕೊಂಡು ದಡಕ್ಕೆ ಬರಬೇಕು. ಅದಿಲ್ಲದೆ ಕತೆ ಮುಗಿಯದು. ಉಳಿದಿದ್ದ ಫಿಲ್ಮ್ ಒಂದೇ ಸುರುಳಿ.

ಅವನ ಕಣ್ಣಿಗೆ ಬಿದ್ದದ್ದು ಮಾರೆನ್ ಎಂಬ ಮುದುಕಿಯ ದೋಣಿ. ಅವಳು ಕೊಡಲಿಲ್ಲ. ಖಾಲಿ ದೋಣಿಯನ್ನು ಕಡಲಿಗೆ ಬಿಟ್ಟರೆ ಕಡಲು ಒಬ್ಬನನ್ನು ಬಲಿ ಕೇಳುತ್ತದೆ ಎಂಬುದು ಆ ಊರಿನ ನಂಬಿಕೆ. ಮಾರೆನ್‌ಗೆ ಅದು ಬರೀ ಮಾತಲ್ಲ. ಗಂಡನನ್ನು ಒಯ್ದ ದೋಣಿ ಒಂದು ಬೆಳಿಗ್ಗೆ ತಾನೊಂದೇ ಮರಳಿತ್ತು. ಇದೇ ದೋಣಿ.

ಏಸ್ಕಿಲ್ ಮೂರು ದಿನ ಅವಳ ಅಂಗಳದಲ್ಲಿ ಕೂತು ಹರಿದ ಬಲೆ ಹೆಣೆದನಂತೆ. ಅವನು ಹಾಕಿದ ಗಂಟು ನೋಡಿದರೆ ಮೀನಿಗೂ ನಗು ಬಂದೀತು ಅಂದಳಂತೆ ಅವಳು. ನಾಲ್ಕನೆಯ ದಿನ ಅವನು ಕೇಳಿದನಂತೆ:

“ಅಮ್ಮಾ, ನೋಡುವವರಿಗೆ ಖಾಲಿ ಕಂಡರೆ ಸಾಕು. ಒಳಗೆ ನಾನು ಮಲಗಿರುತ್ತೇನೆ. ಆಗಲೂ ಅದು ಖಾಲಿ ದೋಣಿಯೇ?”

ಅವಳು ಅವನ ಕೈಯಿಂದ ಬಲೆ ತೆಗೆದಿಟ್ಟು, “ಈಜು ಬರುತ್ತದೇನೋ ಮಗಾ?” ಅಂದಳಂತೆ.

“ಇಲ್ಲ.”

“ಹಾಗಾದರೆ ಮಲಗಿದವನು ಏಳಬೇಡ. ದೋಣಿ ಮಗುಚೀತು.”

ನಿರ್ದೇಶಕನೇ ದೋಣಿಯಲ್ಲಿದ್ದರೆ ದಡದಲ್ಲಿ ‘ನಿಲ್ಲಿಸಿ’ ಅನ್ನುವವರು ಯಾರು? ಫಿಲ್ಮ್ ತೀರುವವರೆಗೂ ಕ್ಯಾಮೆರಾ ನಿಲ್ಲಿಸಬೇಡ ಎಂದು ಕ್ಯಾಮೆರಾದವನಿಗೆ ಹೇಳಿ ಹೋದನಂತೆ. ಮೀನುಗಾರರು ದೋಣಿಯನ್ನು ಅಲೆಗಳಾಚೆ ಎಳೆದೊಯ್ದು ಹಗ್ಗ ಬಿಟ್ಟರು. ದೋಣಿ ಬಂತು. ನಡುವೆ ದೊಡ್ಡ ಅಲೆಯೊಂದು ಅದರ ಮೇಲೆ ಒಡೆಯಿತು. ದೋಣಿ ಅರ್ಧ ಮುಳುಗಿಕೊಂಡು ಬಂತು. ಒಳಗಿನಿಂದ ತಲೆ ಏಳಲಿಲ್ಲ.

ಮಾರೆನ್ ಕ್ಯಾಮೆರಾದ ಪಕ್ಕ ನಿಂತಿದ್ದಳು. ಇಂಥ ದೋಣಿಯನ್ನು ಒಮ್ಮೆ ನೋಡಿದವಳು ಅವಳು. ಆವತ್ತು ದಡದಲ್ಲೇ ನಿಂತುಬಿಟ್ಟಿದ್ದಳು. ಈ ಸಲ ನಿಲ್ಲಲಿಲ್ಲ. ಬೂಟಿನಲ್ಲೇ ನೀರಿಗಿಳಿದಳು, ಸೊಂಟದ ನೀರಿಗೆ ಹೋದಳು, ದೋಣಿಯ ಅಂಚು ಹಿಡಿದು ಇಣುಕಿದಳು. ಮೂಗಷ್ಟೇ ನೀರಿನ ಮೇಲಿಟ್ಟು ಮಲಗಿದ್ದ ಏಸ್ಕಿಲ್ ಚಳಿಗೆ ಹಲ್ಲು ಕಟಕಟಿಸುತ್ತ ಕೇಳಿದನಂತೆ:

“ಫಿಲ್ಮ್ ಮುಗಿಯಿತೇನಮ್ಮಾ?”

ಅವಳು ಕೆನ್ನೆಗೊಂದು ಬಿಟ್ಟಳು ಅನ್ನುತ್ತಾರೆ. ಇಲ್ಲ, ತಬ್ಬಿಕೊಂಡಳು ಅನ್ನುವವರೂ ಇದ್ದಾರೆ. ಸಿನಿಮಾದಲ್ಲಿ ಅದಿಲ್ಲ. ಅಷ್ಟರಲ್ಲಿ ಸುರುಳಿ ತೀರಿತ್ತು.

ಬರೆದ ಕತೆಯಲ್ಲಿ ಮುದುಕಿ ಇರಲೇ ಇಲ್ಲ. ಆದರೂ ಏಸ್ಕಿಲ್ ಅವಳನ್ನು ಸಿನಿಮಾದಿಂದ ಕತ್ತರಿಸಿ ತೆಗೆಯಲಿಲ್ಲ. ಕಡಲಿಗೆ ನಡೆದುಹೋಗುವ ಆ ಬೆನ್ನನ್ನು ನೋಡಿ ದೇಶವೇ ಅತ್ತಿತಂತೆ.

ಆಮೇಲೆ ಅವನು ನಲವತ್ತು ವರ್ಷ ಸಿನಿಮಾ ಮಾಡಿದ. ಟೀವಿ ಬಂದ ಮೇಲೆ ಟೀವಿಗೂ ಮಾಡಿದ. ಖಾಲಿ ಬಂಡಿ ತೋರಿಸಬೇಕಾದರೆ ಹುಲ್ಲಿನಡಿ ಮಲಗುತ್ತಿದ್ದನಂತೆ, ಖಾಲಿ ಬಸ್ಸಾದರೆ ಸೀಟಿನಡಿ. ಮಂಡಿನೋವು ಬಂದ ಮೇಲೂ ಬಿಡಲಿಲ್ಲ. ಸಾಹೇಬರು ಎಲ್ಲಿ ಎಂದರೆ, ಬಗ್ಗಿ ನೋಡಿ ಅನ್ನುತ್ತಿದ್ದರಂತೆ ಜೊತೆಯವರು.

ಈಗ ಅವನೂ ಇಲ್ಲ, ಮಾರೆನ್ನೂ ಇಲ್ಲ. ಆ ಊರಲ್ಲಿ ಚಳಿ ಕಳೆದು ದೋಣಿಗಳನ್ನು ಕಡಲಿಗಿಳಿಸುವ ದಿನ ಪ್ರತಿ ದೋಣಿಯ ತಳದಲ್ಲಿ ಒಬ್ಬರು ಮಲಗುತ್ತಾರೆ. ದೋಣಿ ಮರಳುವಾಗ ಮನೆಯ ಹಿರಿಯ ಹೆಂಗಸು ಸೊಂಟದ ನೀರಿಗೆ ಹೋಗಿ ಇಣುಕುತ್ತಾಳೆ. ಮಲಗಿದವರು ಫಿಲ್ಮ್ ಮುಗಿಯಿತೇ ಎಂದು ಕೇಳಬೇಕು.

ಹೋದ ವರ್ಷ ಹನ್ನೊಂದು ದೋಣಿ ಹೋದವು. ಹನ್ನೊಂದು ಬಂದವು.