ಸುಂಕದವನಿಗೆ ಹೇಳಿದ ಮಾತು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಸುಂಕ ಉಳಿಸಲು ಒಂದು ಸುಳ್ಳು ಹೇಳಿದೆವು ಎನ್ನಿ. ಅದು ಬರೀ ಬಾಯಿಮಾತು ಎಂಬುದು ಹೇಳಿದವನಿಗೂ ಗೊತ್ತು, ಪಕ್ಕದಲ್ಲಿದ್ದವನಿಗೂ ಗೊತ್ತು. ಅಂಥ ಸುಳ್ಳಿನಿಂದ ಯಾರಿಗೇನು ನಷ್ಟ?"

ಗುರುಗಳು ನಕ್ಕರು. "ಲೆಕ್ಕದಲ್ಲಿ ನೀನು ಜಾಣ. ಕತೆಯಲ್ಲಿ ಹೇಗೋ ನೋಡೋಣ, ಕೇಳು" ಎಂದರು.

ಒಂದು ನೇಕಾರರ ಪೇಟೆ. ಅಲ್ಲಿ ಹೆಂಗಸರೂ ಮಗ್ಗಕ್ಕೆ ಹೋಗುತ್ತಿದ್ದರು. ಹೋಗುವಾಗ ಕೂಸುಗಳನ್ನು ನೀಲವ್ವನ ಮನೆಯಲ್ಲಿ ಬಿಡುತ್ತಿದ್ದರು. ಮನೆ ನೀಲವ್ವನದು, ಆದರೆ ಕೂಸುಗಳನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು. ಹಿಂದಿನ ಓಣಿಯ ದುರುಗವ್ವ ಬೆಳಗಾದರೆ ಅಲ್ಲಿಗೆ ಬರುತ್ತಿದ್ದಳು. ಒಬ್ಬಳು ಉಣಿಸಿದರೆ ಒಬ್ಬಳು ತೊಳೆಯುವಳು. ಒಬ್ಬಳು ಗದರಿದರೆ ಒಬ್ಬಳು ರಮಿಸುವಳು. ತಾಯಂದಿರು ಕೊಟ್ಟದ್ದು ಒಂದೇ ಗಡಿಗೆಗೆ ಬೀಳುತ್ತಿತ್ತು. ಸಂಜೆ ಇಬ್ಬರೂ ಅದನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಕೂಸುಗಳು ಇಬ್ಬರನ್ನೂ ಆಯಿ ಎಂದೇ ಕರೆಯುತ್ತಿದ್ದವು.

ಹೀಗಿರುವಾಗ ಮನೆಯಲ್ಲಿ ಕುಳಿತು ಕಸುಬು ಮಾಡುವವರೂ ತೆರಿಗೆ ಕೊಡಬೇಕೆಂದು ಅರಮನೆಯಿಂದ ಅಪ್ಪಣೆಯಾಯಿತು. ಸುಂಕದವನು ನೀಲವ್ವನ ಬಾಗಿಲಿಗೆ ಬಂದ. ನೀಲವ್ವ ಕಷ್ಟ ತೋಡಿಕೊಂಡಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಆಗುವುದೇ ಆಯಿತು. ಅವನು ಪೂರ್ತಿ ಕೇಳಿದ, ತಲೆಯಾಡಿಸಿದ, ಆಮೇಲೆ ತನ್ನ ಕಟ್ಟಳೆ ಹೇಳಿದ. ಇಬ್ಬರೂ ಪಾಲುದಾರರಾದರೆ ಇಬ್ಬರೂ ತೆರಿಗೆ ಕೊಡಬೇಕು. ಕಸುಬು ಒಬ್ಬಳದಾಗಿ ಇನ್ನೊಬ್ಬಳು ಅವಳ ಕೈಕೆಳಗಿನ ಆಳಾದರೆ ಒಂದೇ ತೆರಿಗೆ. ಅದರಲ್ಲೂ ಆಳಿನ ಕೂಲಿಯಷ್ಟು ಮಾಫಿ.

ನೀಲವ್ವ ದುರುಗವ್ವನ ಮುಖ ನೋಡಿದಳು. ದುರುಗವ್ವ ಕಣ್ಣು ಮಿಟುಕಿಸಿದಳು.

"ಈಕಿ ನಮ್ಮ ಆಳ್ರಿ ಸಾಹೇಬ್ರ" ಎಂದಳು ನೀಲವ್ವ.

"ಹೌದೇನವಾ?" ಎಂದು ಸುಂಕದವನು ದುರುಗವ್ವನನ್ನು ಕೇಳಿದ.

"ಹೌದ್ರಿ" ಎಂದಳು ಅವಳು.

ಅವನು ಓಣಿ ದಾಟುವ ತನಕ ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. ಆಮೇಲೆ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಉಳಿದ ದುಡ್ಡಿನಲ್ಲಿ ಬೆಲ್ಲ ತಂದು ಕೂಸುಗಳಿಗೂ ಕೊಟ್ಟರು, ತಾವೂ ತಿಂದರು. ಇಲ್ಲಿಯ ತನಕ ನಿನ್ನ ಮಾತೇ ಸರಿ, ಯಾರಿಗೂ ನಷ್ಟವಿಲ್ಲ.

ಆದರೆ ಸುಂಕದವನು ಮತ್ತೆ ಆ ಓಣಿಯಲ್ಲಿ ಹಾಯಬಹುದಲ್ಲ? ಅವನ ರುಮಾಲು ಕಂಡರೆ ದುರುಗವ್ವ ಕೂತಲ್ಲಿಂದೆದ್ದು ಕಸಬರಿಗೆ ಹಿಡಿಯುತ್ತಿದ್ದಳು. ಅದೂ ಅವರಿಗೆ ನಗೆಯ ಮಾತೇ ಆಗಿತ್ತು. ಆಮೇಲೆ ಓಣಿಯವರು ಯಾರಾದರೂ ಚಾಡಿ ಹೇಳಿಯಾರು ಎಂದಾಯಿತು. ಓಣಿಯವರ ಎದುರಿಗೂ ಅವಳು ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟಳು. ತಾಯಂದಿರು ದುಡ್ಡನ್ನು ನೀಲವ್ವನ ಕೈಗೇ ಕೊಡತೊಡಗಿದರು. "ಹಾಲು ಬಿಸಿ ಮಾಡಿ ಕುಡಿಸು ಅಂತ ನಿಮ್ಮ ಆಳಿಗೆ ಹೇಳವಾ" ಎಂದಳು ಒಬ್ಬಳು. ಮೊದಲ ಸಲ ನೀಲವ್ವನಿಗೆ ಮುಜುಗರವಾಯಿತು. ಮುಂದೆ ರೂಢಿಯಾಯಿತು.

ಸಂಜೆ ಬಾಗಿಲಲ್ಲಿ ಜನರಿದ್ದರೆ ನೀಲವ್ವ ದುರುಗವ್ವನ ಕೈಗೆ ಕೂಲಿಯಷ್ಟೇ ಇಡುತ್ತಿದ್ದಳು. ಮಿಕ್ಕ ಪಾಲನ್ನು ಜನ ಹೋದ ಮೇಲೆ ಕೊಡುತ್ತಿದ್ದಳು. ಒಂದು ದಿನ ಕೊಡುವುದನ್ನು ಮರೆತಳು. ದುರುಗವ್ವ ಕೇಳಿದ್ದರೆ ನೀಲವ್ವ ಆ ಕ್ಷಣವೇ ಕೊಡುತ್ತಿದ್ದಳು, ಅವಳೇನು ಕೆಟ್ಟವಳಲ್ಲ. ಆದರೆ ತನ್ನ ಪಾಲನ್ನು ತಾನೇ ಕೈಯೊಡ್ಡಿ ಕೇಳುವುದು ದುರುಗವ್ವನಿಂದ ಆಗಲಿಲ್ಲ. ಕೇಳದೆ ಇದ್ದುದರಿಂದ ಮರೆವು ಬೆಳೆಯಿತು. ಬೆಳೆಯುತ್ತ ಅದು ಮರೆವಾಗಿಯೂ ಉಳಿಯಲಿಲ್ಲ.

ಈ ನಡುವೆ ದುರುಗವ್ವ ಎಂಬ ಹೆಸರು ನೀಲವ್ವನ ಬಾಯಲ್ಲಿ ಸವೆದು ದುರುಗಿ ಆಗಿತ್ತು. ಒಂದು ಮಧ್ಯಾಹ್ನ, ಆಗಷ್ಟೇ ಮಾತು ಕಲಿತ ಕೂಸೊಂದು ಚಾಪೆಯ ಮೇಲಿಂದಲೇ ಕೂಗಿತು: "ಏ ದುರುಗಿ, ನೀರು ತಾ."

ನೀಲವ್ವ ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದಳು. ಕೂಸಿನ ಮಾತು ಅವಳಿಗೆ ಕೇಳಿಸಿತು. ಆಯಿ ಅನ್ನು ಎಂದು ಗದರಿಸಬಹುದಿತ್ತು. ಆಗ ಓಣಿಯಲ್ಲಿ ಸುಂಕದವನೂ ಇರಲಿಲ್ಲ, ಬಾಗಿಲಲ್ಲಿ ಓಣಿಯವರೂ ಇರಲಿಲ್ಲ. ಅವಳು ತಲೆಯೆತ್ತದೆ ಅಕ್ಕಿ ಆರಿಸಿದಳು. ದುರುಗವ್ವ ಎದ್ದು ನೀರು ಕೊಟ್ಟಳು. ನನಗೆ ಈ ಕತೆಯಲ್ಲಿ ಸಿಟ್ಟು ಬರುವುದು ಇಲ್ಲಿ, ಸುಳ್ಳು ಹೇಳಿದ ಕಡೆಯಲ್ಲ.

ಮರುವರ್ಷ ಕಟ್ಟಳೆ ಬದಲಾಯಿತು. ಅರಮನೆಯವರಿಗೂ ಏನಾದರೂ ಕೆಲಸ ಬೇಕಲ್ಲ. ಆಳಿಟ್ಟುಕೊಂಡವರು ಇನ್ನು ಮೇಲೆ ಆಳಿನ ಲೆಕ್ಕಕ್ಕೂ ತೆರಿಗೆ ಕೊಡಬೇಕು. ಸಣ್ಣ ಕಸುಬಿನ ಪಾಲುದಾರರಿಗೆ ಪೂರಾ ಮಾಫಿ. ನೀಲವ್ವನಿಗೆ ಖುಷಿಯೋ ಖುಷಿ. ಸುಂಕದವನು ಬಂದು ಕೇಳಿದ್ದೇ ತಡ, "ನಾವಿಬ್ಬರೂ ಪಾಲುದಾರರ‍್ರಿ, ಸಮಪಾಲು" ಎಂದಳು.

ಅವನು ಅಭ್ಯಾಸದಂತೆ ದುರುಗವ್ವನ ಕಡೆ ತಿರುಗಿ ಕೇಳಿದ. ಅವಳ ತೊಡೆಯ ಮೇಲೆ ಒಂದು ಕೂಸು ಮಲಗಿತ್ತು. ಅದು ಎಚ್ಚರವಾಗದಂತೆ ಮೆಲ್ಲಗೆ ಹೇಳಿದಳು:

"ಇಲ್ರಿ. ಹ್ವಾದ ವರ್ಸ ಆಳು ಅಂದಿದ್ದು ಸುಳ್ಳಿತ್ರಿ. ಈಗ ಅದು ಖರೇನ ಆಗೈತ್ರಿ."

ಕೂಸನ್ನು ನೀಲವ್ವನ ತೊಡೆಗೆ ದಾಟಿಸಿ ಎದ್ದು ಹೋದಳು. ಜಗಳವಾಡಲಿಲ್ಲ, ಉಳಿದ ಪಾಲನ್ನೂ ಕೇಳಲಿಲ್ಲ. ನೀಲವ್ವ ಆ ದಿನ ತೆರಿಗೆ ಕಟ್ಟಿದಳು. ಅದೇನು ದೊಡ್ಡ ಮೊತ್ತವಲ್ಲ. ಮಾರನೆಯ ಬೆಳಗ್ಗೆ ಕರೆದು ತರಲು ಹಿಂದಿನ ಓಣಿಗೆ ಹೋದಳು. ಮನಸ್ಸಿನಲ್ಲಿ ನಿಜವಾದ ದುಃಖವಿತ್ತು. ಆದರೆ ಬಾಗಿಲಲ್ಲಿ ನಿಂತು ಬಾಯಿ ತೆರೆದಾಗ ಅವಳ ನಾಲಿಗೆಗೆ ಬಂದ ಹೆಸರು ದುರುಗಿ ಎಂದೇ. ಬಾಗಿಲು ತೆರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತುಸು ಯೋಚಿಸಿ, "ತಪ್ಪು ಸುಳ್ಳಿನದಲ್ಲ ಗುರುಗಳೇ, ನೀಲವ್ವನದು. ನಾನಾಗಿದ್ದರೆ ಸುಂಕದವನು ಬೆನ್ನು ತಿರುಗಿಸಿದ ಕೂಡಲೇ ಆ ಮಾತನ್ನು ಅಲ್ಲೇ ಬಿಟ್ಟುಬಿಡುತ್ತಿದ್ದೆ" ಎಂದ.

ಗುರುಗಳು ಕೇಳಿದರು: "ನಿನ್ನೆ ದೋಣಿಕಟ್ಟೆಯ ಸುಂಕದವನಿಗೆ ನಿನ್ನ ಆಳೆಂದು ತೋರಿಸಿದೆಯಲ್ಲ, ಆ ನಿನ್ನ ಸಹಪಾಠಿ ಇವತ್ತು ಊಟಕ್ಕೆ ಎಲ್ಲಿ ಕೂತ, ನೋಡಿದೆಯಾ?"